ಎಂಜಿನ್ ಕೋಡ್ ಹೇಳಿ ಸಾರ್!

ಗಾಡಿ ಬಿಡಿಭಾಗಗಳ ಅಂಗಡಿ ಸಾಲಿರುವ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕಾರಿನ ಹೆಸರಿಗೆ ಬೆಲೆ ಇಲ್ಲ. ಬೆಲೆ ಇರುವುದು ಎಂಜಿನ್ ಕೋಡಿಗೆ, ಅಂದರೆ ಎಂಜಿನ್ನಿನ ಬಗೆಗೆ ಕಂಪನಿ ಇಟ್ಟ ಗುರುತಿಗೆ. ಶನಿವಾರ ಅಲ್ಲಿಗೆ ಹೋಗಿ ಬಂದಿದ್ದೇನೆ, ಇನ್ನೂ ಕೋಪ ಇಳಿದಿಲ್ಲ.

ಆಗಿದ್ದಿಷ್ಟು. ನಮ್ಮ ಹಳೇ ಡೀಸೆಲ್ ಕಾರಿನ ಟರ್ಬೋ ಹೋಸನ್ನು ಇಲಿ ಕಡಿದು ತೂತು ಮಾಡಿತ್ತು. ಟರ್ಬೋ ಅಂದರೆ ಗೊತ್ತಲ್ಲ, ಎಂಜಿನ್ ಬಿಡುವ ಹೊಗೆಯ ರಭಸದಲ್ಲೇ ತಿರುಗಿ, ಎಂಜಿನ್ ಒಳಗೆ ಜಾಸ್ತಿ ಗಾಳಿ ತುರುಕುವ ಪುಟ್ಟ ಚಕ್ರ. ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತೆ. ಆ ಗಾಳಿ ಹೋಗುವ ಹೋಸಿಗೇ ತೂತು ಬಿದ್ದರೆ ಬುಸ್ ಅನ್ನೋ ಸದ್ದು, ಹಿಂದೆ ಕಪ್ಪು ಹೊಗೆ, ಪಿಕಪ್ ಸೊನ್ನೆ. ಫ್ಲೈಓವರ್ ಹತ್ತುವಾಗ ಈರುಳ್ಳಿ ತುಂಬಿದ ಲಗೇಜ್ ಆಟೋ ನನ್ನನ್ನು ಹಿಂದೆ ಹಾಕಿತು. ಹಾಕಿದ್ದಲ್ಲದೆ ಡ್ರೈವರ್ ತಿರುಗಿ ಬೇರೆ ನೋಡಿದ.

ಗ್ಯಾರೇಜಿನ ಹುಡುಗ ಹೋಸ್ ಬಿಚ್ಚಿ ಕೈಗಿಟ್ಟ. "ಇದೇ ಥರದ್ದು ತಂದ್ಬಿಡಿ ಸಾರ್, ಹತ್ತು ನಿಮಿಷದ ಕೆಲಸ" ಅಂದ. ನಾನು ಅಂಗಡಿಗೆ ಹೋಗಿ ಹೋಸನ್ನು ಕೌಂಟರ್ ಮೇಲಿಟ್ಟು ಗಾಡಿ ಹೆಸರು ಹೇಳಿದೆ.

ಕೌಂಟರಿನ ಯಜಮಾನರು ತಲೆ ಎತ್ತಲಿಲ್ಲ. "ಎಂಜಿನ್ ಕೋಡ್ ಹೇಳಿ ಸಾರ್."

ಇವರ ಬಗ್ಗೆ ಸ್ವಲ್ಪ ಹೇಳಲೇಬೇಕು. ಕನ್ನಡಕ ಹಣೆಯ ಮೇಲೆ, ಪೆನ್ನು ಕಿವಿಯ ಮೇಲೆ, ಕೈಯಲ್ಲಿ ಬೈಟು ಟೀ. ಕಾರಿನ ಹೆಸರು ಇವರ ಬಾಯಲ್ಲಿ ಬರುವುದೇ ಇಲ್ಲ. ಒಳಗಿನ ಗೋಡೌನಿಗೆ ಕೂಗುವಾಗಲೂ "ಲೇ, ಕೆ9ಕೆದು ಎರಡು ತಗೊಂಡ್ ಬಾರೋ" ಅನ್ನುತ್ತಾರೆ. ಡಸ್ಟರ್ ಡೀಸೆಲ್ ಅಂದರೆ ಆ ಹುಡುಗನಿಗೆ ತಿಳಿಯೋದಿಲ್ವಾ? ತಿಳಿಯುತ್ತೆ. ಆದರೂ ಅನ್ನುವುದಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿ ಡ್ರೈವರ್ ಪಾಪ, "ಇನ್ನೋವಾಗೆ ಬೆಲ್ಟ್ ಕೊಡಿ ಅಣ್ಣ" ಅಂದ.

"2ಕೆಡಿನಾ, 2ಜಿಡಿನಾ?"

"ಇನ್ನೋವಾ ಅಣ್ಣ. ಬಿಳೀದು."

ಯಜಮಾನರು ಟೀ ಲೋಟ ಕೆಳಗಿಟ್ಟರು. ಮಗ್ಗಿ ಬಾರದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ ನೋಡಿ ಪಾಠ ಶುರು ಮಾಡಿದರು. 2005ರಿಂದ ಬಂದ ಹಳೇ ಇನ್ನೋವಾದಲ್ಲಿರುವುದು 2ಕೆಡಿ-ಎಫ್‌ಟಿವಿ. 2016ರ ಇನ್ನೋವಾ ಕ್ರಿಸ್ಟಾದಲ್ಲಿ 2ಜಿಡಿ-ಎಫ್‌ಟಿವಿ. ಕೆಡಿ, ಜಿಡಿ ಅಂದರೆ ಎಂಜಿನ್‌ನ ಮನೆತನ. ಅಡ್ಡಗೆರೆ ಆದಮೇಲೆ ಎಫ್ ಅಂದರೆ ಟ್ವಿನ್ ಕ್ಯಾಮ್ (ವಾಲ್ವ್ ತೆರೆಯುವ ದಂಡ ಎರಡು), ಅದರಲ್ಲೂ ಮೈಲೇಜ್ ನೋಡಿಕೊಳ್ಳುವ ಸಾಧು ಜಾತಿ. ಅದೇ ಟೊಯೋಟಾದ ಸುಪ್ರಾ ಥರದ ಜೋರಿನ ಗಾಡಿಯಾದರೆ ಅಲ್ಲಿ ಜಿ ಇರುತ್ತೆ, 2ಜೆಜೆಡ್-ಜಿಟಿಇ ಅಂತ. ಟಿ ಅಂದರೆ ಟರ್ಬೋ. ವಿ ಅಂದರೆ ಕಾಮನ್ ರೈಲ್ ಡೀಸೆಲ್, ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಜೋರು ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು. "ಜಿಡಿ ಎಂಜಿನ್ ನಮ್ ಜಿಗಣೀಲೇ ತಯಾರಾಗೋದು ಸಾರ್" ಅಂತ ನನ್ನ ಕಡೆ ತಿರುಗಿ ಹೇಳಿದರು, ತಾವೇ ಹೋಗಿ ಬೋಲ್ಟ್ ಬಿಗಿದು ಬಂದವರ ಹಾಗೆ.

ಡ್ರೈವರ್ ಧೈರ್ಯ ಮಾಡಿ ಕೇಳಿದ. "2 ಅಂದ್ರೆ ಎರಡು ಲೀಟರಾ ಅಣ್ಣ?"

ಇದಕ್ಕೇ ಕಾದಿದ್ದರು ಅನ್ನಿಸುತ್ತೆ. ಮುಖ ಅರಳಿತು. ಅಲ್ಲವಂತೆ. 2ಕೆಡಿ ಎರಡೂವರೆ ಲೀಟರ್, 1ಕೆಡಿ ಮೂರು ಲೀಟರ್! 2ಜಿಡಿ 2.4 ಆದರೆ 1ಜಿಡಿ 2.8. ಮುಂದಿನ ಅಂಕಿ ಆ ಮನೆತನದಲ್ಲಿ ಎಷ್ಟನೆಯ ಮಗು ಅನ್ನುವುದಷ್ಟೇ, ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಡ್ರೈವರ್‌ಗೆ ಬೆಲ್ಟ್ ಸಿಕ್ಕಿದ್ದು ಇಷ್ಟೆಲ್ಲಾ ಆದಮೇಲೆ. ಹೊರಗೆ ಅವನ ಗಾಡಿ ನೋ ಪಾರ್ಕಿಂಗ್‌ನಲ್ಲಿತ್ತು. ಮುಂದೇನಾಯಿತೋ ದೇವರೇ ಬಲ್ಲ.

ಈಗ ನನ್ನ ಸರದಿ. ನಾನೂ ಬಿಡುವವನಲ್ಲ, ಆರ್.ಸಿ. ಕಾರ್ಡ್ ತೆಗೆದು ಎಂಜಿನ್ ನಂಬರ್ ಓದಿದೆ. ಶುರುವಿನಲ್ಲೇ ಇತ್ತು, ಡಿ13ಎ. ಡಿ ಅಂದರೆ ಡೀಸೆಲ್, 13 ಅಂದರೆ 1.3 ಲೀಟರ್. ಪರವಾಗಿಲ್ಲ, ಇದು ಸಭ್ಯರ ಕೋಡ್ ಅಂದುಕೊಂಡೆ.

"ಅದು ಸರಿ ಸಾರ್. 75ಆ, 90ಆ?"

ನೋಡಿ, ಇಲ್ಲಿದೆ ತಮಾಷೆ. ಇದೇ ಡಿ13ಎ ಎಂಜಿನ್‌ನಲ್ಲಿ ಎರಡು ಬಗೆ. 75 ಕುದುರೆ ಬಲದ್ದಕ್ಕೆ ಸಾದಾ ಟರ್ಬೋ. 90 ಕುದುರೆಯದಕ್ಕೆ ವಿಜಿಟಿ, ಅಂದರೆ ಹೊಗೆಯ ರಭಸ ನೋಡಿಕೊಂಡು ಒಳಗಿನ ರೆಕ್ಕೆಗಳು ಓರೆಯಾಗುವ ಟರ್ಬೋ. ಕೋಡ್ ಮಾತ್ರ ಎರಡಕ್ಕೂ ಒಂದೇ! ಹಾಗಾದರೆ ಕೋಡ್ ಯಾಕೆ ಕೇಳಿದ್ರಿ ಅಂದೆ. "ಕೇಳ್ಬೇಕು ಸಾರ್" ಅಂದರು.

ಮುಂದಿನ ಆಜ್ಞೆ, ಟರ್ಬೋ ಮೇಲೆ ಸಣ್ಣ ತಗಡು ಬಡಿದಿರುತ್ತೆ, ಅದರ ನಂಬರ್ ಬೇಕು. ಕಾರು ಗ್ಯಾರೇಜಿನಲ್ಲಿ, ನಾವು ಇಲ್ಲಿ. ವಿಡಿಯೋ ಕಾಲ್ ಮಾಡಿದೆ. ಮೊದಲು ಹುಡುಗನ ಮೂಗು ಕಂಡಿತು. ಆಮೇಲೆ ಗ್ಯಾರೇಜಿನ ಶೀಟು, ಅಲ್ಲಿ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ. ಯಜಮಾನರು ನನ್ನ ಫೋನ್ ಕಸಿದುಕೊಂಡು "ಕೆಳಗೆ... ಇನ್ನೂ ಕೆಳಗೆ... ಅದು ಆಲ್ಟರ್ನೇಟರ್ ಕಣೋ... ಒರೆಸೋ ಅದನ್ನ!" ಅಂತ ಕೂಗತೊಡಗಿದರು. ಅಂಗಡಿಗೆ ಬಂದಿದ್ದವರೆಲ್ಲ ಸುತ್ತ ಸೇರಿದರು. ತಗಡು ಕಂಡಿತು, ಮೇಲೆ ಎಣ್ಣೆ ಜಿಡ್ಡು. ಒಬ್ಬರು ಅದು 8 ಅಂದರು, ಇನ್ನೊಬ್ಬರು ಇಂಗ್ಲಿಷ್ ಬಿ ಅಂದರು. ಸೊನ್ನೆಯೋ ಓ ಅಕ್ಷರವೋ ಅಂತ ಇಬ್ಬರ ನಡುವೆ ಸಣ್ಣ ಜಗಳವೇ ಆಯಿತು. ಅವರಿಬ್ಬರೂ ಬಂದಿದ್ದು ಸ್ಕೂಟರಿನ ಸಾಮಾನಿಗೆ. ಅಷ್ಟರಲ್ಲಿ ಫೋನ್ ಹುಡುಗನ ಕೈಜಾರಿ ಎಂಜಿನ್ ಒಳಗೆಲ್ಲೋ ಬಿತ್ತು. ಪರದೆ ಕಪ್ಪಾಯಿತು. ಕತ್ತಲೆಯೊಳಗಿಂದ "ಸಾರ್... ಸಾರ್..." ಅಂತ ಅವನ ದನಿ ಮಾತ್ರ ಬರುತ್ತಿತ್ತು.

ಯಜಮಾನರು ಒಂದು ನಿಟ್ಟುಸಿರು ಬಿಟ್ಟು ಕೇಳಿದರು. "ಹಳೇ ಹೋಸ್ ಇದ್ಯಾ ಸಾರ್?"

ಅದು ನಾನು ಬಂದಾಗಿನಿಂದ ಅವರ ಮುಂದೆಯೇ ಇತ್ತು. ಅದರ ಬಾಗಿಗೆ ಟೀ ಲೋಟ ಒರಗಿಸಿಟ್ಟಿದ್ದರು. ಲೋಟ ಎತ್ತಿದರು, ಹೋಸ್ ನೋಡಿದರು, ಒಳಗೆ ಹೋದರು. ಹೊಸದನ್ನು ತಂದು ಹಳೆಯದರ ಪಕ್ಕ ಹಿಡಿದು "ತಗೊಳ್ಳಿ, ಇದೇ" ಅಂದರು. ಬಿಲ್ಲಿನಲ್ಲಿ ಡಿ13ಎ ಇಲ್ಲ, 75 ಇಲ್ಲ. ದೊಡ್ಡ ಅಕ್ಷರದಲ್ಲಿ "ಸ್ವಿಫ್ಟ್ ಪೈಪ್ – 1" ಅಂತ ಬರೆದಿದ್ದರು.

ಆದರೂ ಆ ಎಂಜಿನ್ ಮೇಲೆ ನನಗೆ ಕೋಪವಿಲ್ಲ. ಮೂಲದಲ್ಲಿ ಅದು ಫಿಯಟ್‌ನ 1248 ಸಿಸಿ ಮಲ್ಟಿಜೆಟ್. ಮಾರುತಿಯಲ್ಲಿ ಡಿಡಿಐಎಸ್ ಆಯಿತು, ಟಾಟಾದಲ್ಲಿ ಕ್ವಾಡ್ರಾಜೆಟ್ ಆಯಿತು, ಶೆವರ್ಲೆಯ ಸೇಲ್‌ನಲ್ಲೂ ಕೂತಿತು. ಊರಿಗೊಂದು ಹೆಸರಿಟ್ಟುಕೊಂಡು ತಿರುಗಿದ್ದಕ್ಕೇ ಜನ ಅದನ್ನು ದೇಶದ ರಾಷ್ಟ್ರೀಯ ಎಂಜಿನ್ ಅಂದರು. ಡೀಸೆಲ್ ಅಗ್ಗವಾಗಿದ್ದ ಆ ಕಾಲದಲ್ಲಿ ದುಡ್ಡು ಕಟ್ಟಿ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಚಾರ್ಮಾಡಿ ಘಾಟಿಯಲ್ಲಿ ಎರಡು ಸಾವಿರ ಆರ್‌ಪಿಎಂ ದಾಟಿದ ಮೇಲೆ ಬರುವ ಆ ಸಣ್ಣ ಶಿಳ್ಳೆ ಕೇಳಿ ಅಪ್ಪ "ಈಗ ಎಳೀತು ನೋಡು" ಅನ್ನುತ್ತಿದ್ದರು. ಅವರಿಗೆ ಕೋಡೂ ಗೊತ್ತಿರಲಿಲ್ಲ, ವಿಜಿಟಿಯೂ ಗೊತ್ತಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯಕ್ಕೆ ಕಡಿವಾಣ ಹಾಕುವ ಬಿಎಸ್6 ನಿಯಮ ಬಂತು, ಹೊಸ ಕಾರುಗಳಲ್ಲಿ ಆ ಎಂಜಿನ್ನೂ ಇಲ್ಲ. ಅಪ್ಪನೂ ಇಲ್ಲ.

ರಾತ್ರಿ ನಿದ್ದೆ ಬರದೆ ಬೇರೆಯವರ ಕೋಡ್‌ಗಳನ್ನು ಹುಡುಕುತ್ತಾ ಕೂತೆ. ನಿಸಾನ್‌ನವರದು ಆರ್‌ಬಿ26ಡಿಇಟಿಟಿ. ಇಲ್ಲಿ 26 ಅಂದರೆ ನಿಜವಾಗಲೂ 2.6 ಲೀಟರ್, ಕೊನೆಯ ಎರಡು ಟಿ ಅಂದರೆ ಎರಡು ಟರ್ಬೋ. ಪುಣ್ಯಾತ್ಮರು. ಬಿಎಂಡಬ್ಲ್ಯುನ ಎನ್54ರಲ್ಲಿ ಎರಡು ಟರ್ಬೋ. ಆಮೇಲೆ ಬಂದ ಎನ್55ರಲ್ಲಿ ಒಂದೇ ಟರ್ಬೋ, ಆದರೆ ಹೆಸರು ಟ್ವಿನ್‌ಪವರ್ ಟರ್ಬೋ! ಹೊಗೆ ಒಳಗೆ ಬರುವ ದಾರಿ ಎರಡಂತೆ, ಅದಕ್ಕೆ ಟ್ವಿನ್. ಹಾಗೆ ನೋಡಿದರೆ ನಮ್ಮ ಮನೆಗೂ ಹಿತ್ತಿಲ ಬಾಗಿಲಿದೆ, ಎರಡು ಮನೆ ಅನ್ನಬಹುದು. ಸುಜುಕಿಯ ಕೆ10ಸಿ ಅಂತೂ ಫ್ರಾಂಕ್ಸ್‌ನಲ್ಲಿ ಟರ್ಬೋ, ಸೆಲೆರಿಯೋದಲ್ಲಿ ಟರ್ಬೋ ಇಲ್ಲ.

"ರೀ, ಆ ಹಳೇ ಗಾಡಿ ಕೊಟ್ಟುಬಿಡಿ, ಹೊಸದು ನೋಡೋಣ" ಅಂತ ಹೆಂಡತಿ ಭಾನುವಾರ ಶೋರೂಮಿಗೆ ಎಳೆದುಕೊಂಡು ಹೋದಳು. ಟೈ ಕಟ್ಟಿದ ಹುಡುಗ ನೀರು ಕೊಟ್ಟ, ಕಾಫಿ ಕೊಟ್ಟ, ಒಂದು ಲೀಟರ್ ಟರ್ಬೋ ಪೆಟ್ರೋಲ್ ಅಂತ ಕೆಂಪು ಕಾರಿನ ಬಾಗಿಲು ತೆಗೆದ. ನಾನು ಕನ್ನಡಕ ಹಣೆಗೇರಿಸಿ ಕೇಳಿದೆ.

"ಎಂಜಿನ್ ಕೋಡ್ ಏನಪ್ಪಾ ಇದರದ್ದು?"

ಹುಡುಗ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ನನ್ನ ಹೆಂಡತಿ ಕಡೆ ತಿರುಗಿ ನಕ್ಕ.

"ಸನ್‌ರೂಫ್ ಇದೆ ಮೇಡಂ."