ಬಸುರಿನ ಗೆರೆ ಬಿಡಿ, ಟ್ಯೂಬಿನ ಗೆರೆ ನೋಡಿ

ನಾನು ಮೆಡಿಕಲ್ ಶಾಪ್ ನಡೆಸುವವಳು. ಈಗ ಹೇಳುವ ಮಾತಿನಿಂದ ನನ್ನ ವ್ಯಾಪಾರಕ್ಕೇ ಸ್ವಲ್ಪ ಪೆಟ್ಟು ಬೀಳಬಹುದು, ಬೀಳಲಿ. ಬಸುರಿಯ ಹೊಟ್ಟೆಯ ಮೇಲೆ ಗೆರೆ ಬೀಳದ ಹಾಗೆ ತಡೆಯುತ್ತದೆ ಎಂದು ನಂಬಿ ದುಡ್ಡು ಸುರಿಯುವಂಥ ಎಣ್ಣೆ ಯಾವುದೂ ಇಲ್ಲ.

ಐದು ತಿಂಗಳು ತುಂಬುವಷ್ಟರಲ್ಲಿ ಹುಡುಗಿಯರು ತಾಯಿಯನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಬರುತ್ತಾರೆ. "ಸ್ಟ್ರೆಚ್ ಮಾರ್ಕ್ಸ್ ಬರದೇ ಇರೋಕೆ ಯಾವುದು ಒಳ್ಳೇದು ಮೇಡಂ?" ಕೋಕೋ ಬಟರ್, ಆಲಿವ್ ಎಣ್ಣೆ ಎರಡನ್ನೂ ಬಸುರಿಯರಿಗೆ ಹಚ್ಚಿಸಿ ಪರೀಕ್ಷೆ ಮಾಡಿದ್ದಾರೆ. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಹಚ್ಚುವ ಯಾವ ಕ್ರೀಮಿಗೂ ಗಟ್ಟಿ ಆಧಾರ ಸಿಗಲಿಲ್ಲ. ಎಣ್ಣೆ ಹಚ್ಚಿದರೆ ಚರ್ಮ ಒಣಗುವುದಿಲ್ಲ, ತುರಿಕೆ ಕಡಿಮೆಯಾಗುತ್ತದೆ. ಅಷ್ಟಕ್ಕೆ ಮನೆಯ ಕೊಬ್ಬರಿ ಎಣ್ಣೆ ಸಾಕಲ್ವಾ?

ತುರಿಕೆ ಅಂದಾಗ ನೆನಪಾಯಿತು. "ಹೊಟ್ಟೆ ಕೆರ್ಕೋಬೇಡ, ಗೆರೆ ಬೀಳುತ್ತೆ" ಎಂದು ಹಿರಿಯರು ಗದರುತ್ತಾರೆ. ಗೆರೆ ಬೀಳುವುದು ಉಗುರಿನಿಂದ ಅಲ್ಲ. ಚರ್ಮದ ಒಳಪದರದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳಿವೆ. ಬಸುರಿನ ಹಾರ್ಮೋನುಗಳು ಅವುಗಳ ಹಿಡಿತ ಸಡಿಲ ಮಾಡುತ್ತವೆ, ಜೊತೆಗೆ ಹೊಟ್ಟೆ ಎಳೆಯುತ್ತದೆ. ಎರಡೂ ಸೇರಿ ನಾರು ಹರಿಯುತ್ತದೆ. ತಾಯಿಗೆ ಗೆರೆ ಬಿದ್ದಿದ್ದರೆ ಮಗಳಿಗೂ ಬೀಳುವುದು ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ ಬಸುರಾದವರಿಗೆ, ತೂಕ ತುಂಬ ಏರಿದವರಿಗೆ, ಮಗು ದಪ್ಪಗಿದ್ದರೆ ಇನ್ನೂ ಜಾಸ್ತಿ. ಮೇಲೆ ಹಚ್ಚಿದ ಎಣ್ಣೆ ಇದರಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಆದರೆ ಕೊನೆಯ ತಿಂಗಳುಗಳಲ್ಲಿ ಅಂಗೈ, ಅಂಗಾಲು ವಿಪರೀತ ತುರಿಸಿದರೆ ಎಣ್ಣೆ ಹುಡುಕುತ್ತಾ ಕೂರಬೇಡಿ. ಅದು ಲಿವರ್ ತೊಂದರೆ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.

ಬೆಳೆಯುವ ಮಕ್ಕಳಿಗೂ ಗೆರೆ ಬೀಳುತ್ತದೆ. ಒಂದೇ ವರ್ಷದಲ್ಲಿ ಸರ್ರನೆ ಉದ್ದವಾದ ಹುಡುಗರ ಸೊಂಟದ ಮೇಲೆ ಅಡ್ಡಡ್ಡ ಗೆರೆ ಕಂಡು, ಯಾರೋ ಬೆಲ್ಟಿನಲ್ಲಿ ಹೊಡೆದಿದ್ದಾರೆ ಎಂದು ಅಪ್ಪ-ಅಮ್ಮ ಹೆದರುವುದುಂಟು. ಅದಕ್ಕೆ ಏನೂ ಮಾಡಬೇಕಾಗಿಲ್ಲ, ವರ್ಷಗಳಲ್ಲಿ ತಾನೇ ಮಾಸುತ್ತದೆ.

ನನಗೆ ಸಿಟ್ಟು ಬರುವುದು ಇನ್ನೊಂದು ಗೆರೆಯ ಬಗ್ಗೆ.

ಇಪ್ಪತ್ತು, ಇಪ್ಪತ್ತೆರಡರ ಹುಡುಗರು ಬರುತ್ತಾರೆ. ದಿನವಿಡೀ ಬೈಕಿನ ಮೇಲೆ ಡೆಲಿವರಿ ಕೆಲಸ, ಬಿಗಿ ಜೀನ್ಸ್, ಬೆವರು. ತೊಡೆಸಂದಿಯಲ್ಲಿ ಹುಳುಕಡ್ಡಿ, ಅಂದರೆ ಫಂಗಸ್ ಸೋಂಕು. ಅಂಗಡಿಯಲ್ಲಿ ಹೆಂಗಸರಿದ್ದರೆ ಒಳಗೆ ಬರುವುದಿಲ್ಲ, ಹೊರಗೇ ನಿಂತು ಫೋನ್ ನೋಡುತ್ತಾರೆ. ಎಲ್ಲರೂ ಹೋದ ಮೇಲೆ ಜೇಬಿನಿಂದ ಒಂದು ಟ್ಯೂಬ್ ತೆಗೆಯುತ್ತಾರೆ. ತುದಿಯಿಂದ ಸುರುಳಿ ಸುತ್ತಿ ಹಿಂಡಿ ಹಿಂಡಿ ಚಪ್ಪಟೆಯಾಗಿರುತ್ತದೆ, ಹೆಸರು ಅರ್ಧ ಅಳಿಸಿರುತ್ತದೆ. "ಅಕ್ಕಾ, ಇದೇ ಕೊಡಿ. ಎರಡೇ ದಿನಕ್ಕೆ ಕಡಿಮೆ ಆಗುತ್ತೆ."

ಎರಡು ದಿನಕ್ಕೆ ಕಡಿಮೆ ಆಗುವುದು ತುರಿಕೆ ಮಾತ್ರ. ಆ ಟ್ಯೂಬಿನಲ್ಲಿ ಫಂಗಸ್ಸಿನ ಔಷಧಿ, ಒಂದು ಆಂಟಿಬಯೋಟಿಕ್, ಅದರ ಜೊತೆ ಕ್ಲೋಬೆಟಸಾಲ್‌ನಂಥ ಜೋರು ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಉರಿ, ಕೆಂಪು ಎಲ್ಲ ಅಡಗಿಸುತ್ತದೆ. ಫಂಗಸ್ ಮಾತ್ರ ಸದ್ದಿಲ್ಲದೆ ಹರಡುತ್ತದೆ. ಬಿಟ್ಟ ವಾರಕ್ಕೆ ಮತ್ತೆ ತುರಿಕೆ, ಮತ್ತೆ ಟ್ಯೂಬ್. ಇತ್ತ ಸ್ಟೀರಾಯ್ಡ್ ಹೊಸ ಕೊಲಾಜೆನ್ ತಯಾರಾಗದ ಹಾಗೆ ಮಾಡಿ ಚರ್ಮವನ್ನು ತೆಳ್ಳಗೆ ಮಾಡುತ್ತಿರುತ್ತದೆ. ತೊಡೆಸಂದಿಯ ಚರ್ಮ ಮೊದಲೇ ತೆಳು. ಬೆವರು, ಬಿಗಿ ಬಟ್ಟೆ ಇದ್ದರೆ ಕ್ರೀಮು ಇನ್ನೂ ಜಾಸ್ತಿ ಒಳಗಿಳಿಯುತ್ತದೆ. ಹೀಗೇ ತಿಂಗಳುಗಟ್ಟಲೆ ಹಚ್ಚಿದರೆ ತೊಡೆಯ ಒಳಭಾಗದಲ್ಲಿ ಅಗಲ ಅಗಲ ನೇರಳೆ ಗೆರೆಗಳು. ಹುಳುಕಡ್ಡಿ ವಾಸಿಯಾದರೂ ಅವು ಹೋಗುವುದಿಲ್ಲ.

2018ರಲ್ಲೇ ಕೇಂದ್ರ ಸರ್ಕಾರ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನಾನು ಚೀಟಿ ಕೇಳಿದರೆ ಹುಡುಗ ಮುಖ ಸಣ್ಣ ಮಾಡಿಕೊಂಡು ಪಕ್ಕದ ರಸ್ತೆಗೆ ಹೋಗುತ್ತಾನೆ. ಅಲ್ಲಿ ಸಿಗುತ್ತದೆ. ನಮ್ಮ ಧಂದೆಯವರನ್ನು ಎಷ್ಟು ಬೈದರೂ ಸಾಲದು, ಆದರೆ ಅವರೊಬ್ಬರದೇ ತಪ್ಪಲ್ಲ. ರೂಮ್‌ಮೇಟ್ ಕೊಟ್ಟ, ಭಾವ ಹೇಳಿದ, ಅಣ್ಣನಿಗೆ ವಾಸಿಯಾಗಿತ್ತು ಎಂದು ಒಂದೇ ಟ್ಯೂಬ್ ಮನೆಮಂದಿಗೆಲ್ಲ ಓಡಾಡುತ್ತದೆ. ಬಸುರಿಯ ಗೆರೆ ಬಗ್ಗೆ ರೀಲ್ಸ್ ಮೇಲೆ ರೀಲ್ಸ್ ಬರುತ್ತವೆ. ಈ ಹುಡುಗನ ಗೆರೆ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ, ಜಾಗ ಅಂಥದ್ದು ನೋಡಿ.

ಚಿಕಿತ್ಸೆ ಇದೆಯಾ ಅಂದರೆ, ಇದೆ. ಪೂರ್ತಿ ಅಳಿಸುವಂಥದ್ದು ಇಲ್ಲ. ಗೆರೆ ಇನ್ನೂ ಕೆಂಪಾಗಿ, ನೇರಳೆಯಾಗಿ ಇರುವಾಗ ಹೋದರೆ ಪ್ರಯೋಜನ ಜಾಸ್ತಿ. ಬೆಳ್ಳಗಾದ ಮೇಲೆ ಕಷ್ಟ. ಹೊಸ ಗೆರೆಗೆ ಟ್ರೆಟಿನಾಯಿನ್ ಕ್ರೀಮ್ ಕೊಡುತ್ತಾರೆ, ಆದರೆ ಬಸುರಿಯರು ಅದನ್ನು ಮುಟ್ಟಬಾರದು. ಕೆಂಪು ಇಳಿಸಲು ಪಲ್ಸ್ಡ್ ಡೈ ಲೇಸರ್ ಇದೆ. ಹಳೆಯ ಬಿಳಿ ಗೆರೆಗೆ ಫ್ರಾಕ್ಷನಲ್ ಲೇಸರ್ ಅಥವಾ ಮೈಕ್ರೋನೀಡ್ಲಿಂಗ್, ಅಂದರೆ ಸಣ್ಣ ಸೂಜಿಗಳಿಂದ ಚುಚ್ಚಿ ಚರ್ಮವೇ ಹೊಸ ಕೊಲಾಜೆನ್ ಕಟ್ಟಿಕೊಳ್ಳುವ ಹಾಗೆ ಮಾಡುವುದು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ವಾರಗಳ ಅಂತರದಲ್ಲಿ ಹಲವು ಸಿಟ್ಟಿಂಗ್ ಬೇಕು. ನಮ್ಮಂಥ ಕಂದು ಚರ್ಮಕ್ಕೆ ಲೇಸರಿನ ಬಿಸಿಯಿಂದ ಕಪ್ಪು ಕಲೆ ಉಳಿಯುವ ಭಯ ಇದೆ. ಆ ಮಟ್ಟಿಗೆ ಸೂಜಿಯೇ ವಾಸಿ. "ನೂರಕ್ಕೆ ನೂರು ಹೋಗುತ್ತೆ" ಎಂದು ಪ್ಯಾಕೇಜ್ ಮಾರುವ ಕಡೆಯಿಂದ ಎದ್ದು ಬನ್ನಿ. ಹಳೆಯ ಗೆರೆಯನ್ನು ಬಿಟ್ಟುಬಿಡುವುದೂ ಒಂದು ಆಯ್ಕೆ. ನಾನು ನನ್ನದನ್ನು ಹಾಗೇ ಬಿಟ್ಟಿದ್ದೇನೆ.

ಟ್ಯೂಬಿನ ಗೆರೆಯವರು ಮೊದಲು ಟ್ಯೂಬ್ ಬಿಟ್ಟು, ಚರ್ಮದ ಡಾಕ್ಟರ ಹತ್ತಿರ ಹುಳುಕಡ್ಡಿ ವಾಸಿ ಮಾಡಿಕೊಳ್ಳಬೇಕು. ಫಂಗಸ್ ಇರುವ ಜಾಗಕ್ಕೆ ಲೇಸರ್, ಸೂಜಿ ಯಾವುದೂ ಬೇಡ. ತುರಿಕೆ ನಿಂತರೂ ಡಾಕ್ಟರು ಹೇಳಿದಷ್ಟು ವಾರ ಔಷಧಿ ತಪ್ಪಿಸಬಾರದು. ಟವಲ್, ಒಳಉಡುಪು ಯಾರ ಜೊತೆಗೂ ಹಂಚಿಕೊಳ್ಳಬಾರದು.

ಇನ್ನೊಂದು ವಿಷಯ. ಬಸುರಿಲ್ಲ, ಕ್ರೀಮ್ ಹಚ್ಚಿಲ್ಲ, ಆದರೂ ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಬಂದು, ಮುಖ ದುಂಡಗಾಗಿ, ಬಿಪಿ, ಶುಗರ್ ಏರಿದ್ದರೆ ಅದು ಕುಶಿಂಗ್ಸ್, ಅಂದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನು ಅತಿಯಾಗುವ ಕಾಯಿಲೆ ಇರಬಹುದು. ಮೈಕೈ ನೋವಿಗೋ ದಪ್ಪ ಆಗಲೆಂದೋ ಯಾರೋ ಕೊಟ್ಟ ಬಿಡಿ ಮಾತ್ರೆಯಲ್ಲಿ ಸ್ಟೀರಾಯ್ಡ್ ಇದ್ದರೂ ಹೀಗಾಗುತ್ತದೆ. ಆ ಮಾತ್ರೆಯನ್ನು ಬಹಳ ದಿನದಿಂದ ನುಂಗುತ್ತಿದ್ದರೆ ದಿಢೀರನೆ ನೀವೇ ನಿಲ್ಲಿಸಬೇಡಿ, ಅಪಾಯ. ಮಾತ್ರೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.