ಕ್ಲೋರಿನ್ ಕಳೆಯಲು ನೂರು ಮೈಕ್ರಾನ್ ಸಾಕು

ಪಿವಿಸಿ ಪ್ಲಾಸ್ಟಿಕ್ಕಿನ ತೂಕದಲ್ಲಿ ಸುಮಾರು ಶೇ 57ರಷ್ಟು ಕ್ಲೋರಿನ್ನೇ ಇರುತ್ತದೆ. ಕಸದ ರಾಶಿಯಲ್ಲಿ ಇದು ಬೆರೆತರೆ, ಉಳಿದ ಪ್ಲಾಸ್ಟಿಕ್ಕನ್ನು ಕಾಯಿಸಿ ಎಣ್ಣೆ ತೆಗೆಯುವ ಯೋಜನೆಯೂ ಹದಗೆಡುತ್ತದೆ. ಬಿಸಿಗೆ ಹೊರಬರುವ ಹೈಡ್ರೋಜನ್ ಕ್ಲೋರೈಡ್ ತೇವ ಸಿಕ್ಕಲ್ಲೆಲ್ಲ ಆಮ್ಲವಾಗಿ ಯಂತ್ರದ ಉಕ್ಕನ್ನೇ ತಿನ್ನುತ್ತದೆ. ಆದ್ದರಿಂದ ಮೊದಲು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ಕ್ಲೋರಿನ್ನನ್ನು ಬಿಡಿಸಬೇಕು, ಆ ಅನಿಲವನ್ನು ಸುಣ್ಣದಲ್ಲೋ ನೀರಿನಲ್ಲೋ ಹಿಡಿದಿಡಬೇಕು, ಉಳಿದುದನ್ನು ಆಮೇಲೆ ಇನ್ನೂ ಹೆಚ್ಚಿನ ಶಾಖಕ್ಕೆ ಒಡ್ಡಬೇಕು ಎಂದು ವಿಜ್ಞಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಪಾಪ, ಅವರು ನಮ್ಮ ರಾಜಪತ್ರ ಓದಿದವರಲ್ಲ.

2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಪಿವಿಸಿ ಬ್ಯಾನರ್‌ಗಳೂ, ಅಂದರೆ ನಮ್ಮ ಫ್ಲೆಕ್ಸ್‌ಗಳೂ ಇವೆ. ಆದರೆ 100 ಮೈಕ್ರಾನ್‌ಗಿಂತ, ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ, ತೆಳುವಾಗಿದ್ದರೆ ಮಾತ್ರ. ಅಂದರೆ 99 ಮೈಕ್ರಾನ್‌ನಲ್ಲಿ ಅಪರಾಧಿಯಾಗಿದ್ದ ಕ್ಲೋರಿನ್, ಹಾಳೆ ಕೊಂಚ ಮೈತುಂಬಿಕೊಂಡೊಡನೆ ಸಂಭಾವಿತನಾಗುತ್ತದೆ. ದಪ್ಪ ಹೆಚ್ಚಿದಷ್ಟೂ ಚದರಡಿಗೆ ಬೀಳುವ ಕ್ಲೋರಿನ್ ಹೆಚ್ಚುತ್ತದೆಯಲ್ಲವೇ ಎಂಬುದು ಶಾಲಾ ಬಾಲಕರ ಲೆಕ್ಕ, ಆಡಳಿತದ್ದಲ್ಲ. ಕುಲುಮೆಯಿಲ್ಲದೆ, ಸುಣ್ಣವಿಲ್ಲದೆ, ಒಂದು ಸಹಿಯಿಂದ ಕ್ಲೋರಿನ್ ಕಳೆಯುವ ಈ ವಿಧಾನಕ್ಕೆ ಪೇಟೆಂಟ್ ಪಡೆಯದಿರುವುದು ನಮ್ಮ ಔದಾರ್ಯ.

ಕರ್ನಾಟಕವಂತೂ 2016ರ ಮಾರ್ಚ್‌ನಲ್ಲಿಯೇ ದಪ್ಪ ತೆಳು ಎಂಬ ಭೇದ ಎಣಿಸದೆ ಫ್ಲೆಕ್ಸ್ ನಿಷೇಧಿಸಿದ ರಾಜ್ಯ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದಾಗ ಬೆಂಗಳೂರಿನ ಕಂಬಗಳು ಒಮ್ಮೆ ಬರಿದಾದವು. ಆದರೆ ನಾಯಕರು ಹುಟ್ಟುವುದನ್ನು ಯಾವ ನ್ಯಾಯಾಲಯವೂ ತಡೆಯಲಾರದು. ಈಗಲೂ ಯಾವುದೇ ವೃತ್ತದಲ್ಲಿ ನಿಂತು ನೋಡಿದರೆ, ನಡುವೆ ಕೈಮುಗಿದ ಮುಖಂಡರು, ಮೇಲ್ಗಡೆ ವರಿಷ್ಠರ ಸಾಲು, ಕೆಳಗೆ ಅಂಚೆಚೀಟಿಯ ಗಾತ್ರದಲ್ಲಿ ಶುಭ ಕೋರುವವರ ಮುಖಗಳು, ಮೂಲೆಯಲ್ಲಿ ಹಸಿರು ಎಲೆಯೊಂದರ ಚಿತ್ರದೊಡನೆ ‘ಪರಿಸರ ಉಳಿಸಿ’ ಎಂಬ ಕರೆ ಕಾಣುತ್ತವೆ. ಹಾಳೆಯ ಒಳಗೆ ಪಾಲಿಯೆಸ್ಟರ್ ನೂಲಿನ ಬಲೆಯಿದ್ದು, ಅದರ ಎರಡೂ ಮೈಗೆ ಪಿವಿಸಿಯನ್ನು ಅಂಟಿಸಿರುತ್ತಾರೆ. ಈ ಎರಡನ್ನೂ ಬೇರ್ಪಡಿಸುವುದು ಒಂದೇ ಪಕ್ಷದ ಎರಡು ಬಣಗಳನ್ನು ಒಂದುಗೂಡಿಸುವಷ್ಟೇ ತ್ರಾಸದ ಕೆಲಸ.

ಹಬ್ಬ ಮುಗಿದ ಮೇಲೆ ಮುಖಂಡರು ಸೋರುವ ಶೆಡ್ಡಿನ ಮಾಡಿಗೇರಿ, ಅಲ್ಲಿ ಎರಡು ಮಳೆಗಾಲ ಜನಸೇವೆ ಮಾಡಿ, ಕೊನೆಗೆ ರಸ್ತೆಬದಿಯ ಕಸದೊಡನೆ ಬೆಂಕಿಗೆ ಬೀಳುತ್ತಾರೆ. ಗುಜರಿಯವರಿಗೆ ಇದು ಬೇಡ. ಪಿವಿಸಿಯ ಚೂರೊಂದು ಬಾಟಲಿಗಳ ಜೊತೆ ಕರಗಿದರೂ ಅದು ಸುಟ್ಟು ಕಪ್ಪಾಗಿ ಒಳ್ಳೆಯ ಸರಕನ್ನೂ ಕೆಡಿಸುತ್ತದೆ.

ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆಯೇ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ. ಕಾಯಿಸಿದ ತಾಮ್ರದ ತಂತಿಯನ್ನು ಅದಕ್ಕೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡಿದರೆ, ಜ್ವಾಲೆ ಹಸಿರಾಗುತ್ತದೆ. ನಮ್ಮ ಫ್ಲೆಕ್ಸ್‌ಗಳು ಕೊಟ್ಟ ಹಸಿರಿನ ಭರವಸೆ ಅಕ್ಷರಶಃ ಈಡೇರುವುದು ಇದೊಂದೇ ಕಡೆ.