ಹಳೇ ರೇಡಿಯೋದಲ್ಲಿ ‘ಕೆಂಪು ಪಾದರಸ’ ಇದೆಯಾ?

‘ಹಳೇ ರೇಡಿಯೋ, ಸ್ಟೀರಿಯೋ ರಿಸೀವರ್ ಒಳಗೆ ಕೆಂಪು ಪಾದರಸ ಇರುತ್ತದೆ, ಕೋಟಿ ರೂಪಾಯಿ ಬೆಲೆ’ ಎಂಬ ಮೆಸೇಜ್ ನಮ್ಮ ಬೆಳಗಾವಿಯ ಗುಂಪಿಗೂ ಬಂತು. ಸುಳ್ಳು. ಅಂಥ ವಸ್ತುವೇ ಇಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2004ರಲ್ಲೇ ಹೇಳಿದೆ. 2009ರಲ್ಲಿ ಸೌದಿಯಲ್ಲಿ ಇದೇ ಕಥೆ ಹೊಲಿಗೆ ಯಂತ್ರಕ್ಕೆ ಅಂಟಿಕೊಂಡಿತ್ತು!

ಹಳೇ ರೇಡಿಯೋದಲ್ಲಿ ಬಲ್ಬಿನಂತೆ ಕಾಣುವ ಭಾಗವೇ ವಾಲ್ವ್. ಅದರ ಗಾಜಿನೊಳಗೆ ಕನ್ನಡಿಯಂತೆ ಹೊಳೆಯುವುದು ಸಾಮಾನ್ಯವಾಗಿ ಬೇರಿಯಂ ಲೇಪ. ಒಳಗೆ ಉಳಿದ ಗಾಳಿಯನ್ನು ಹೀರಲು ಹಾಕಿದ್ದು. ಕೆಂಪಗೆ ಕಾಣುವುದು ಕಾದ ತಂತಿ, ಅಷ್ಟೇ. 1970ರ ದಶಕದ ರಿಸೀವರ್‌ಗಳಲ್ಲಂತೂ ಬಹುಪಾಲು ಟ್ರಾನ್ಸಿಸ್ಟರ್, ವಾಲ್ವೇ ಇರೋದಿಲ್ಲ.

ಕೊಳ್ಳುವುದಾದರೆ ಹಾಡು ಕೇಳೋಕೆ ಕೊಳ್ಳಿ. ಎರಡೂ ಕಡೆ ಸ್ಪೀಕರ್ ನುಡಿಯುತ್ತವಾ ನೋಡಿ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಎಷ್ಟೋ ಸಲ ಕಾಂಟ್ಯಾಕ್ಟ್ ಕ್ಲೀನರ್ (ಒಳಗಿನ ಕೊಳೆ ತೆಗೆಯುವ ಸ್ಪ್ರೇ) ಸಾಕು. ಗುಂಯ್ ಅಂದರೆ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಬಿಡಿಭಾಗ) ಒಣಗಿರಬಹುದು, ಮೆಕ್ಯಾನಿಕ್‌ಗೆ ಕೊಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಒಳಗೆ ಕರೆಂಟ್ ಉಳಿದಿರಬಹುದು. ಪಾದರಸ ಹುಡುಕುತ್ತ ಬಿಚ್ಚಿದವರಿಗೆ ಸಿಗೋದು ಆ ಶಾಕ್ ಮಾತ್ರ.